ಸೋಮವಾರ ಹೊಲಕ್ಕೆ ಹಾಸಿದ ತಂತಿ

ನನಗೆ ಫೋನ್ ಮಾಡುವವರು ಬೈಯಲಿಕ್ಕೇ ಮಾಡುತ್ತಾರೆ. ಕುಕನೂರಿನಲ್ಲಿ ನಮ್ಮದು ಮೊದಲು ಕೇಬಲ್ ಟೀವಿ ಇತ್ತು, ಈಗ ಅದೇ ಕಂಬಗಳ ಮೇಲೆ ಇಂಟರ್‌ನೆಟ್ ತಂತಿ ಓಡುತ್ತದೆ. ನೆಟ್ ಸರಿಯಿದ್ದಾಗ ನಾನೊಬ್ಬಳು ಇದ್ದೇನೆ ಅಂತ ಯಾರಿಗೂ ನೆನಪಾಗುವುದಿಲ್ಲ. ನಿಂತಿತೋ, ಊರಿಗೆ ಊರೇ ನನ್ನ ನಂಬರು ಬಾಯಿಪಾಠ ಮಾಡಿಕೊಂಡಂತೆ ಒತ್ತುತ್ತದೆ. ಕ್ರಿಕೆಟ್ ಹೊತ್ತಿಗೆ ಹೋದರೆ ಗಂಡಸರು, ಧಾರಾವಾಹಿ ಹೊತ್ತಿಗೆ ಹೋದರೆ ಹೆಂಗಸರು. ಸುಮ್ಮನೆ ಕೇಳಿಸಿಕೊಳ್ಳುವ ಪೈಕಿ ನಾನೂ ಅಲ್ಲ. ಒಂದೆರಡು ಮಾತು ತಡೆದುಕೊಳ್ಳುತ್ತೇನೆ, ಆಮೇಲೆ ತಿರುಗಿಸಿ ಕೊಡುತ್ತೇನೆ. ಅದಕ್ಕೇ ನನ್ನ ಗಂಡ ಅಂಗಡಿಯಲ್ಲಿ ಕೂತು ಗಿರಾಕಿಗಳನ್ನು ಸಮಾಧಾನ ಮಾಡುವ ಕೆಲಸ ಇಟ್ಟುಕೊಂಡು, ಹೊರಗಿನದನ್ನು ನನಗೂ ತನ್ನ ತಮ್ಮನಿಗೂ ಬಿಟ್ಟಿದ್ದಾರೆ. ಕಂಬ ಹತ್ತುವವನು ನನ್ನ ಮೈದುನ. ತಂತಿ ಕೂಡಿಸುವವಳು ನಾನು.

ಆ ಬೇಸಿಗೆಯಲ್ಲಿ ಬಂದ ಒಂದು ಫೋನ್ ಮಾತ್ರ ಬೈಗುಳದ್ದಲ್ಲ. ದೂರದ ದೊಡ್ಡ ಆಸ್ಪತ್ರೆಯೊಂದರಿಂದ ಒಬ್ಬಾಕೆ ಮಾತಾಡಿದರು. ತಳಕಲ್ಲಿನ ಆಚೆ ಒಂದು ಹೊಲದಲ್ಲಿ ಮಕ್ಕಳ ಎದೆ ತಪಾಸಣೆಯ ಶಿಬಿರ ಇಟ್ಟುಕೊಂಡಿದ್ದೇವೆ, ಒಂದು ದಿನದ ಮಟ್ಟಿಗೆ ನೆಟ್ ಬೇಕು ಅಂದರು. ಊರೊಳಗೆ ಅಷ್ಟು ದೊಡ್ಡ ಸಾಲೆ ಇರುವಾಗ ಹೊಲದಲ್ಲಿ ಯಾಕೆ ಅಂತ ನಾನು ದಬಾಯಿಸಿಯೇ ಕೇಳಿದೆ. ಆಕೆ ಬೇಸರಪಡದೆ ತಿಳಿಸಿ ಹೇಳಿದರು. ಇದು ಕುರಿಗಾರರ ಮಕ್ಕಳಿಗೆಂದೇ ಮಾಡಿದ ಶಿಬಿರ. ಆ ಮಕ್ಕಳು ಸಾಲೆಯಲ್ಲೂ ಸಿಗುವುದಿಲ್ಲ, ಅಂಗನವಾಡಿಯಲ್ಲೂ ಸಿಗುವುದಿಲ್ಲ, ಹಿಂಡಿನ ಬೆನ್ನಿಗೇ ಇರುತ್ತವೆ. ಬೇಸಿಗೆಯ ಭತ್ತ ಕೊಯ್ಲಾಗುವ ಹೊತ್ತಿಗೆ ಹಿಂಡುಗಳೆಲ್ಲ ಸಿದ್ದಾಪುರದ ಕಡೆ ಕಾಲುವೆ ನೀರಿನ ಗದ್ದೆಗಳಿಗೆ ಇಳಿಯುತ್ತವೆ. ಇಳಿಯುವ ಮುಂಚೆ ನಾಲ್ಕಾರು ಮನೆತನದವರು ತಳಕಲ್ಲಿನ ಆ ಬೇವಿನ ಮರಗಳ ಕೆಳಗೆ ಕೂಡುತ್ತಾರೆ. ಅಲ್ಲಿ ಹಿಡಿದರೆ ಉಂಟು, ಇಲ್ಲದಿದ್ದರೆ ಮಳೆಗಾಲದವರೆಗೂ ಇಲ್ಲ.

ಸ್ಕ್ಯಾನ್ ಮಾಡುವ ಯಂತ್ರವೂ ಅದನ್ನು ನಡೆಸುವಾಕೆಯೂ ಗಾಡಿಯಲ್ಲಿ ಬರುತ್ತಾರೆ. ಆದರೆ ಮಗುವಿನ ಮುಷ್ಟಿಯಷ್ಟು ಹೃದಯವನ್ನು ನೋಡಿ ಇದು ಹೀಗೆ ಅಂತ ಹೇಳಬಲ್ಲ ಡಾಕ್ಟರು ಆಸ್ಪತ್ರೆಯಲ್ಲೇ ಇರುತ್ತಾರೆ. ಅವರು ಅಲ್ಲಿಂದ ಚಿತ್ರ ನೋಡುತ್ತ, ಯಂತ್ರ ಹೀಗೆ ಹಿಡಿ, ಹಾಗೆ ತಿರುಗಿಸು ಅಂತ ಹೇಳಬೇಕು. ಚಿತ್ರ ನಡುವೆ ನಿಲ್ಲಬಾರದು. ಮೊಬೈಲ್ ನೆಟ್ಟು ಅಲ್ಲಿ ಉಪಯೋಗಕ್ಕಿಲ್ಲ, ಆ ಹೊಲ ಇರುವುದೇ ಗುಡ್ಡದ ಮರೆಯ ತಗ್ಗಿನಲ್ಲಿ. ಬಂಡಿ ಏರಿ ನಿಂತು ಕೈ ಮೇಲೆ ಮಾಡಿದರೆ ಒಂದು ಕಡ್ಡಿ ಸಿಗ್ನಲ್ ಬರುತ್ತದೆ, ಕೈ ಇಳಿಸಿದರೆ ಹೋಗುತ್ತದೆ.

ಭಾನುವಾರ ಜಾಗ ನೋಡಲು ಹೋದೆವು. ನಮ್ಮ ಕೊನೆಯ ಕಂಬ ರಸ್ತೆ ಪಕ್ಕದ ಹಿಟ್ಟಿನ ಗಿರಣಿ ಹತ್ತಿರ ಇತ್ತು. ಅಲ್ಲಿಂದ ಬೇವಿನ ಮರಗಳಿಗೆ ಕಣ್ಣಳತೆಯಲ್ಲಿ ಒಂದೇ ಹೊಲ ಅಡ್ಡ. ಕಡಲೆ ಕಿತ್ತು ಖಾಲಿ ಬಿದ್ದ ಕರಿಮಣ್ಣಿನ ಹೊಲ, ಬಾಯಾರಿ ಬಾಯಿ ತೆರೆದಂತೆ ಬಿರುಕು ಬಿಟ್ಟಿತ್ತು. ಬದುವಿನ ಗುಂಟ ಸುತ್ತಿ ಬಂದರೆ ನಮ್ಮ ಹತ್ತಿರ ಇದ್ದ ತಂತಿ ಸಾಲುತ್ತಿರಲಿಲ್ಲ. ಹೊಲದ ನಟ್ಟನಡುವೆ ಹಾಸಿದರೆ ಸಾಲುತ್ತಿತ್ತು, ಸ್ವಲ್ಪ ಉಳಿಯುತ್ತಲೂ ಇತ್ತು. ಆದರೆ ನೆಲದ ಮೇಲೆ ಹಾಸಿದ ತಂತಿಯನ್ನು ಯಾರಾದರೂ ತುಳಿದರೆ, ಕಡಿದರೆ?

ಹೊಲದ ಯಜಮಾನರು ಬದುವಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನನ್ನ ಅನುಮಾನ ಕೇಳಿ ನಕ್ಕರು.

"ನಾಳಿ ವಾರ ಯಾವ್ದವಾ?"

"ಸೋಮವಾರ್ರಿ."

"ಸೋಮಾರ ದಿನ ಎತ್ತಿನ ಹೆಗಲಿಗೆ ನೊಗ ಇಟ್ಟಾವ್ರನ್ನ ನೋಡಿಯೇನು ಈ ಸೀಮ್ಯಾಗ? ಹಾಸು. ಒಂದು ಹುಳಾ ಸೈತ ಹೊಲಕ್ಕ ಇಳ್ಯಂಗಿಲ್ಲ."

ಇದನ್ನು ನನಗೆ ಹೇಳಿಕೊಡಬೇಕಿರಲಿಲ್ಲ. ಸೋಮವಾರ ಬಸವಣ್ಣನ ವಾರ. ಅವತ್ತು ನಮ್ಮ ಕಡೆ ಎತ್ತಿಗೆ ಬಿಡುವು. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ನೆರಳಲ್ಲಿ ಕಟ್ಟುತ್ತಾರೆ. ನನ್ನ ತವರಿನಲ್ಲಿ ಎಂಥ ಹದ ಬಂದು ಬಿದ್ದಿದ್ದರೂ ನನ್ನಪ್ಪ ಸೋಮವಾರ ಗಳೆ ಹೂಡಿ ನೆಲ ಉತ್ತವನಲ್ಲ. ಸೋಮವಾರದ ದಿನ ಹೊಲದ ನಟ್ಟನಡುವಿಗಿಂತ ಕಾವಲಿರುವ ಜಾಗ ಇನ್ನೊಂದಿಲ್ಲ ಅನ್ನಿಸಿತು. ಮೈದುನನೂ "ಯಜಮಾನ್ರು ಹೇಳೂದು ಬರೋಬ್ಬರಿ ಐತಿ ವೈನಿ" ಅಂದ. ಸರಿ ಅಂತ ತೀರ್ಮಾನ ಮಾಡಿದೆವು.

ಸೋಮವಾರ ಬೆಳಗಿನ ತಂಪಿನಲ್ಲೇ ತಂತಿ ಹಾಸಿದೆವು. ಉಳಿದ ತಂತಿಯ ಸುರುಳಿಯನ್ನೂ ತಂತಿ ಕೂಡಿಸುವ ಮಷೀನನ್ನೂ ಬೈಕಿಗೆ ಕಟ್ಟಿಕೊಂಡು ಮರಗಳ ಹತ್ತಿರ ಬರುವಷ್ಟರಲ್ಲಿ ಆಸ್ಪತ್ರೆಯವರ ಗಾಡಿ ಬಂದಿತ್ತು. ಟೆಂಟ್ ಎದ್ದಿತ್ತು, ಜನರೇಟರ್ ಗುರುಗುಡುತ್ತಿತ್ತು. ಟೆಂಟಿನೊಳಗೆ ನಮ್ಮ ನೆಟ್ ಪೆಟ್ಟಿಗೆ ಇಟ್ಟು ತಂತಿ ಸಿಕ್ಕಿಸಿದೆ. ಹಸಿರು ದೀಪ ಹತ್ತಿತು. ಸ್ಕ್ಯಾನ್ ಮಾಡುವಾಕೆಯ ಎದುರಿನ ಪರದೆಯಲ್ಲಿ ಡಾಕ್ಟರ ಮುಖ ಬಂತು, ಎದುರೇ ಕೂತಷ್ಟು ಸ್ಪಷ್ಟ. ನನಗೆ ಎಷ್ಟು ಜಂಬ ಬಂತೆಂದರೆ, ಯಾರೂ ಕೇಳದಿದ್ದರೂ "ನಮ್ಮ ಲೈನು" ಅಂತ ಹೇಳಿಕೊಂಡೆ.

ಡಾಕ್ಟರು ಮೊದಲೇ ಒಂದು ಮಾತು ಹೇಳಿದರು. ಮಧ್ಯಾಹ್ನ ಅವರಿಗೆ ಆಪರೇಷನ್ ಇದೆ. ಅಷ್ಟರೊಳಗೆ ಎಷ್ಟು ಮಕ್ಕಳಾದರೆ ಅಷ್ಟು, ಆಮೇಲೆ ಅವರು ಸಿಗುವುದಿಲ್ಲ.

ಟೆಂಟಿನ ಹೊರಗೆ ತಾಯಂದಿರು ಕೂತಿದ್ದರು. ಎಲ್ಲ ಕೂಸುಗಳೂ ಬಿಸಿಲಿಗೆ, ಹೊಸಬರಿಗೆ, ಜನರೇಟರಿನ ಸದ್ದಿಗೆ ಬೆದರಿ ಒಂದೇ ಸಮನೆ ಅರಚುತ್ತಿದ್ದವು. ಒಂದೇ ಒಂದು ಕೂಸು ಸುಮ್ಮನಿತ್ತು. ಅದರ ತಾಯಿ ಇನ್ನೂ ಎಳೆ ವಯಸ್ಸಿನವಳು, ಮೊಣಕೈವರೆಗೆ ಹಸಿರು ಬಳೆ, ಕಾಲಲ್ಲಿ ದಪ್ಪ ಚಪ್ಪಲಿ. ನಾನು ಬಗ್ಗಿ ಕೂಸಿನ ಗಲ್ಲ ಮುಟ್ಟಿದೆ.

"ಎಷ್ಟ ಶಾಣ್ಯಾ ಅದಾನವಾ ನಿನ್ನ ಮಗ. ಅಳೂದ ಇಲ್ಲಲ್ಲ."

"ಎಲ್ರೂ ಹಂಗ ಅಂತಾರ್ರಿ ಅಕ್ಕಾರ," ಅಂದಳು ಅವಳು. "ಅಂವಗ ಅಳಾಕ ದಮ್ ಇಲ್ಲ. ಎರಡ ಸಲ ಅತ್ರ ತುಟಿ ಕಪ್ಪ ಆಗ್ತಾವು. ಮ್ಯಾಲ ಅಳಾಕ ಆಗಂಗಿಲ್ಲ, ಬಾಯಿ ತಕ್ಕೊಂಡ ಹಂಗ ಇರ್ತಾನ."

ಆಗ ಕೂಸನ್ನು ಸರಿಯಾಗಿ ನೋಡಿದೆ. ತುಟಿ, ಉಗುರಿನ ತುದಿ ಎಲ್ಲ ನೇರಳೆ ಹಣ್ಣು ತಿಂದವರ ಹಾಗೆ ಇತ್ತು. ಶಾಣ್ಯಾ ಅಂದ ನನ್ನ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು.

ಅವಳೇ ಮುಂದೆ ಹೇಳಿದಳು. ಹಿಂಡು ನಾಳೆ ಬೆಳಗಿನ ಜಾವ ಸಿದ್ದಾಪುರದ ಕಡೆ ಹೊರಡುತ್ತದೆ. ಗೊಬ್ಬರಕ್ಕೆ ಹಿಂಡು ತಂಗಿಸುತ್ತೇವೆ ಅಂತ ಗದ್ದೆಯವರಿಗೆ ಮಾತು ಕೊಟ್ಟಾಗಿದೆ. ಗಂಡ ಒಂದೇ ಮಾತು ಹೇಳಿದ್ದಾನೆ, ಡಾಕ್ಟರು ಇವತ್ತು ನೋಡಿ ಏನಾದರೂ ಹೇಳಿದರೆ ಹೇಳಲಿ, ಹೇಳದಿದ್ದರೆ ಕೂಸನ್ನು ಕಟ್ಟಿಕೊಂಡು ನಡೆಯುವುದೇ. ಆಮೇಲೆ ಮಳೆ ಬೀಳುವವರೆಗೂ ಗದ್ದೆಯಲ್ಲಿ ವಾಸ. "ನೋಡ್ಲಿ ಅಂತ ನಾ ಒಬ್ಬಾಕೀನ ಹಟಾ ಹಿಡಿದ ಕುಂತೀನ್ರಿ," ಅಂದಳು. ಗಂಡ ದೂರದಲ್ಲಿ, ಹಿಂಡಿನ ಅಂಚಿಗೆ, ಕಂಬಳಿ ಹೊದ್ದು ಕೋಲೂರಿ ನಿಂತಿದ್ದ. ಟೆಂಟಿನ ಕಡೆ ಬೆನ್ನು ಮಾಡಿಕೊಂಡಿದ್ದ.

ಮೊದಲು ಬೇರೆ ಒಂದು ಮಗುವನ್ನು ನೋಡಿದರು. ಅದಕ್ಕೆ ಏನೂ ಇರಲಿಲ್ಲ. ಆಮೇಲೆ ಇವಳನ್ನು ಕರೆದರು. ಕೂಸನ್ನು ಬೆಂಚಿನ ಮೇಲೆ ಮಲಗಿಸಿ, ಎದೆಗೆ ಅಂಟು ಹಚ್ಚಿ, ಸ್ಕ್ಯಾನ್ ಮಾಡುವಾಕೆ ಯಂತ್ರದ ಮೂತಿ ಇಟ್ಟರು. ಪರದೆಯಲ್ಲಿ ಬೂದಿ ಬಣ್ಣದ್ದೇನೋ ಮಿಡುಕಿತು. ಡಾಕ್ಟರು ಮುಂದಕ್ಕೆ ಬಾಗಿ "ಸ್ವಲ್ಪ ಎಡಕ್ಕೆ" ಅಂದರು. ಎಡಕ್ಕೆ ಅನ್ನುವ ಅವರ ಬಾಯಿ ಹಾಗೇ ತೆರೆದುಕೊಂಡು ನಿಂತುಬಿಟ್ಟಿತು.

ನಮ್ಮ ಪೆಟ್ಟಿಗೆ ನೋಡಿದೆ. ಕೆಂಪು ದೀಪ. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು, ತಂತಿಯಲ್ಲಿ ಬೆಳಕೇ ಬರುತ್ತಿಲ್ಲ, ಎಲ್ಲೋ ತುಂಡಾಗಿದೆ. ಓಡಿ ಹೊರಗೆ ಬಂದೆ. ಹೊಲದ ನಡುವೆ ಧೂಳಿನ ದೊಡ್ಡ ಗೋಡೆ ಎದ್ದಿತ್ತು. ಧೂಳಿನ ಒಳಗೆ ಒಂದು ಕೆಂಪು ಟ್ರ್ಯಾಕ್ಟರ್.

ನಾನು ಆ ಹೊಲದ ಹೆಂಟೆಗಳ ಮೇಲೆ ಹೇಗೆ ಓಡಿದೆನೋ ದೇವರಿಗೆ ಗೊತ್ತು. ಒಂದು ಚಪ್ಪಲಿ ಬಿರುಕಿನಲ್ಲಿ ಸಿಕ್ಕು ಅಲ್ಲೇ ಉಳಿಯಿತು. ಡ್ರೈವರ್ ನನ್ನನ್ನು ನೋಡಿ ಗಾಡಿ ನಿಲ್ಲಿಸಿದ. ನೇಗಿಲಿನ ಹಲ್ಲಿಗೆ ನನ್ನ ಕರಿ ತಂತಿ ಸುತ್ತಿಕೊಂಡು ಹರಕು ಜಡೆಯಂತೆ ಜೋತುಬಿದ್ದಿತ್ತು.

"ಏನ್ ಮಾಡೀಯೋ? ಇವತ್ತ ಸೋಮಾರ ಐತಿ, ಸೋಮಾರ! ನಿನಗೇನ್ ದೇವ್ರು ದಿಂಡ್ರು ಇಲ್ಲೇನು?"

ಅವನಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ. ಪಾಪ, ನಿಜವಾಗಿಯೂ ಆಗಲಿಲ್ಲ.

"ಸೋಮಾರ ಎತ್ತಿಗ್ರಿ ಅಕ್ಕಾರ," ಅಂದ. "ಟ್ರ್ಯಾಕ್ಟರಿಗೆಲ್ಲಿ ಸೋಮಾರ?"

ಅಷ್ಟರಲ್ಲಿ ಯಜಮಾನರು ಧೋತರ ಎತ್ತಿ ಹಿಡಿದು ಏದುಸಿರು ಬಿಡುತ್ತ ಬಂದರು. ಅವರ ಮುಖ ನೋಡಿಯೇ ತಿಳಿಯಿತು. ಟ್ರ್ಯಾಕ್ಟರಿನವನಿಗೆ ಎಂದೋ ಹೇಳಿಟ್ಟಿದ್ದರು, ಸೋಮವಾರ ಎತ್ತು ಖಾಲಿ, ನಾನೂ ಖಾಲಿ, ಯಾವುದಾದರೂ ಸೋಮವಾರ ನಿನ್ನ ಪಾಳಿ ಬಂದಾಗ ಬಂದು ಹೊಡೆದು ಹೋಗು ಅಂತ. ಅವನ ಪಾಳಿ ಇವತ್ತೇ ಬಂದಿತ್ತು. ನಿನ್ನೆ ನನಗೆ ಮಾತು ಕೊಡುವಾಗ ಅವರ ತಲೆಯಲ್ಲಿ ಎತ್ತು ಇದ್ದವೇ ಹೊರತು ಟ್ರ್ಯಾಕ್ಟರ್ ಇರಲಿಲ್ಲ. ನನ್ನ ತಲೆಯಲ್ಲೂ ಇರಲಿಲ್ಲ, ನನ್ನ ಹಿಂದೆಯೇ ಓಡಿ ಬಂದಿದ್ದ ಮೈದುನನ ತಲೆಯಲ್ಲೂ ಇರಲಿಲ್ಲ. ಮೂವರೂ ನಿಂತು ಆ ತಂತಿಯನ್ನೇ ನೋಡಿದೆವು.

"ಯಾವನಿಗೆ ನೆನಪಿರ್ತತವಾ, ಅದೂ ಗಳೇನ ಅಂತ," ಅಂದರು ಯಜಮಾನರು.

ಇನ್ನೊಂದು ದಿನವಾಗಿದ್ದರೆ ಅವರ ನೀರಿಳಿಸಿಬಿಡುತ್ತಿದ್ದೆ. ಬಾಯಿ ತೆರೆದವಳು ಟೆಂಟಿನ ಬಾಗಿಲಲ್ಲಿ ಹಸಿರು ಬಳೆಯ ಆ ಕೈ ಕಂಡು ಮುಚ್ಚಿಕೊಂಡೆ. ಅವಳು ಕೂಸನ್ನು ಎತ್ತಿಕೊಂಡು ಹೊರಗೆ ಬಂದು ನಮ್ಮ ಕಡೆಗೇ ನೋಡುತ್ತಿದ್ದಳು.

ಉಳಿದ ತಂತಿಯ ಸುರುಳಿ ಇತ್ತಲ್ಲ, ಅದು ಹಾಳಾದ ಭಾಗಕ್ಕೆ ಸಾಲುತ್ತಿತ್ತು. ಆದರೆ ಈ ತುದಿಗೊಂದು, ಆ ತುದಿಗೊಂದು, ಎರಡು ಕಡೆ ಕೂಡಿಸಬೇಕು. ಈ ತಂತಿಯೊಳಗೆ ಇರುವುದು ತಾಮ್ರವಲ್ಲ, ಕೂದಲೆಳೆಯಷ್ಟು ಸಣ್ಣ ಗಾಜು. ಅದರ ತುದಿಗಳನ್ನು ಸ್ಪಿರಿಟ್‌ನಲ್ಲಿ ಒರೆಸಿ, ನೆಟ್ಟಗೆ ಕತ್ತರಿಸಿ, ಮಷೀನಿನೊಳಗೆ ಎದುರುಬದುರು ಇಟ್ಟು ಮುಚ್ಚಳ ಹಾಕಿದರೆ, ಅದು ಒಳಗೆ ಕಿಡಿ ಹಾರಿಸಿ ಎರಡನ್ನೂ ಬೆಸೆಯುತ್ತದೆ. ಒಂದು ಧೂಳಿನ ಕಣ ಕೂತರೂ ಆಗುವುದಿಲ್ಲ. ಮನೆಯೊಳಗೆ ಫ್ಯಾನ್ ಬಂದ್ ಮಾಡಿ ಮಾಡುವ ಕೆಲಸ ಅದು. ನಾನು ಈಗ ಅದನ್ನು ಹೊಸದಾಗಿ ಉತ್ತ ಹೊಲದಲ್ಲಿ, ಬೇಸಿಗೆಯ ಗಾಳಿಯಲ್ಲಿ ಮಾಡಬೇಕಿತ್ತು.

ಗಿರಣಿ ಕಡೆಯ ಜೋಡಣೆ ಹೇಗೋ ಆಯಿತು. ಟ್ರ್ಯಾಕ್ಟರನ್ನೇ ಗಾಳಿಗೆ ಅಡ್ಡ ನಿಲ್ಲಿಸಿ, ಯಜಮಾನರು ತಮ್ಮ ಧೋತರದ ಸೆರಗು ಹಿಡಿದು, ಮೈದುನ ತನ್ನ ಅಂಗಿ ಬಿಚ್ಚಿ ಹಿಡಿದು, ಮೂರು ಸಲ ಕೆಟ್ಟು ನಾಲ್ಕನೆಯ ಸಲ ಕೂಡಿತು. ಆದರೆ ಕೆಟ್ಟ ಪ್ರತಿ ಸಲವೂ ಮಷೀನಿನ ಬ್ಯಾಟರಿ ತಿಂದಿತ್ತು. ಟೆಂಟ್ ಕಡೆಯ ತುದಿಗೆ ಬರುವ ಹೊತ್ತಿಗೆ ಬ್ಯಾಟರಿಯ ಗುರುತು ಕೆಂಪಗೆ ಮಿಣುಕುತ್ತಿತ್ತು. ಜನರೇಟರಿನ ಹತ್ತಿರ ಒಯ್ದು ಚಾರ್ಜಿಗೆ ಇಟ್ಟರೆ ಏರುವುದರೊಳಗೆ ಮಧ್ಯಾಹ್ನ ಆಗಿಬಿಡುತ್ತದೆ. ಮೈದುನ ಟೆಂಟಿಗೆ ಓಡಿ ಹೋಗಿ ಬಂದ. ಸ್ಕ್ಯಾನ್ ಮಾಡುವಾಕೆ ಬಂಡಿ ಹತ್ತಿ ನಿಂತು ಆಸ್ಪತ್ರೆಗೆ ಫೋನ್ ಹಚ್ಚಿದ್ದರಂತೆ. "ಡಾಕ್ಟರ್ ಇನ್ನೂ ಅದಾರಂತ ವೈನಿ. ಆದ್ರ ಥೇಟರಿಗೆ ಪೇಶಂಟನ್ನ ಒಯ್ದಾರಂತ. ಜಲ್ದಿ."

ಈ ತುದಿಯಲ್ಲಿ ಅಡ್ಡ ನಿಲ್ಲಿಸಲು ಟ್ರ್ಯಾಕ್ಟರ್ ಇರಲಿಲ್ಲ, ಅದು ಇತ್ತ ಬಂದರೆ ಉಳಿದ ತಂತಿಯನ್ನೂ ತುಳಿಯುತ್ತಿತ್ತು. ಗಾಳಿ ಜೋರಾಗಿತ್ತು. ಎಳೆ ಕತ್ತರಿಸಿ ಕೈಯಲ್ಲಿ ಹಿಡಿದರೆ ತಾನಾಗಿ ನಡುಗುತ್ತಿತ್ತು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ನನ್ನ ಮೇಲೆ, ಯಜಮಾನರ ಮೇಲೆ, ಗಾಳಿಯ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂದು ಅಳು ಬಂತು.

ಆಗ ನನ್ನ ಮೇಲೆ ನೆರಳು ಬಿತ್ತು. ಕೂಸಿನ ತಂದೆ. ಯಾರೂ ಕರೆದಿರಲಿಲ್ಲ. ತಾನೇ ಬಂದು, ಹೆಗಲಿನ ಕಂಬಳಿ ತೆಗೆದು, ಕೋಲನ್ನು ನೆಲಕ್ಕೆ ನೆಟ್ಟು ಅದರ ಮೇಲೆ ಹೊದಿಸಿ, ಎರಡೂ ಸೆರಗು ಕೈಯಲ್ಲಿ ಹಿಡಿದು ಕುಕ್ಕರಗಾಲಲ್ಲಿ ಕೂತ. ಒಳಗೆ ಗಾಳಿ ನಿಂತಿತು. ಕತ್ತಲಾಯಿತು. ಕುರಿಯ ವಾಸನೆ, ಬೆವರಿನ ವಾಸನೆ, ಸ್ಪಿರಿಟ್ ವಾಸನೆ. ಧೂಳು ಏಳದಿರಲಿ ಅಂತ ಕುಡಿಯುವ ನೀರಿನ ಬಾಟಲಿಯಿಂದ ನೆಲಕ್ಕೂ ಕಂಬಳಿಗೂ ನೀರು ಚಿಮುಕಿಸಿದೆ. ಮೊಬೈಲಿನ ಬೆಳಕನ್ನು ಹಲ್ಲಲ್ಲಿ ಕಚ್ಚಿಕೊಂಡು ಎಳೆ ಒರೆಸತೊಡಗಿದೆ.

"ಅಕ್ಕಾರ," ಅಂದ ಅವನು. "ಇದು ಕೂಡ್ಲಿಲ್ಲಂದ್ರ?"

ಮೊಬೈಲು ಬಾಯಿಂದ ತೆಗೆದೆ. "ಡಾಕ್ಟರ್ ನೋಡಂಗಿಲ್ಲ."

"ನೋಡ್ಲಿಲ್ಲಂದ್ರ ಏನೈತಿ ಅಂತ ಹೇಳಾವ್ರೂ ಇಲ್ಲ."

"ಇಲ್ಲ."

ನಾನು ಎಳೆ ಕತ್ತರಿಸಿದೆ.

"ಮೊದಲಿನ ಕೂಸಿಗೂ ಹಿಂಗ ಇತ್ರಿ. ಸಿದ್ದಾಪುರದ ಗದ್ಯಾಗ ಇದ್ವಿ. ಮುಂಜಾನೆ ಎದ್ದ ನೋಡಿದ್ರ ತಣ್ಣಗಾಗಿತ್ತು. ಅಲ್ಲೇ ಕಾಲುವಿ ದಂಡಿಗೆ ಮಣ್ಣ ಮಾಡಿ, ಸಂಜಿಕ ಹಿಂಡ ಹೊಡಕೊಂಡ ಮುಂದ ಹ್ವಾದ್ವಿ. ಆಗ ಯಾರೂ ಏನೂ ಹೇಳಿರ್ಲಿಲ್ಲ ನೋಡ್ರಿ, ದೇವ್ರು ಕರಕೊಂಡ ಅಂದ್ಕೊಂಡ್ವಿ. ಈಗ ಇವ್ರು ಹಿಂಗೈತಿ ಅಂತ ಹೇಳಿಬಿಟ್ರ, ನಾ ಆ ಗದ್ಯಾಗ ಹೆಂಗ ಮಲಗ್ಲಿ?"

ಆ ಹೊತ್ತಿಗೆ ನನಗೆ ಅವನ ಮೇಲೆ ಕನಿಕರ ಬರಲಿಲ್ಲ, ಹೆದರಿಕೆ ಬಂತು. ಅವನು ಕಂಬಳಿಯ ಸೆರಗು ಬಿಟ್ಟು ಎದ್ದರೆ ಸಾಕು, ಮುಗಿಯಿತು. ಯಾರೂ ಅವನನ್ನು ತಪ್ಪಿತಸ್ಥ ಅನ್ನುತ್ತಿರಲಿಲ್ಲ. ಗಾಳಿ ಹಾರಿಸಿತು ಅಂದರೆ ನಾನೂ ನಂಬಬೇಕು. ಅವನಿಗೆ ಆ ಡಾಕ್ಟರ ಮಾತು ಬೇಡವಾಗಿತ್ತು, ಮತ್ತು ಅದು ಬರುವ ದಾರಿಗೆ ಅವನೇ ಗೋಡೆಯಾಗಿ ಕೂತಿದ್ದ.

ನನಗೆ ಸಮಾಧಾನದ ಮಾತು ಬರುವುದಿಲ್ಲ. ನನಗೆ ಬರುವುದು ಗದರುವುದೊಂದೇ.

"ತಮ್ಮಾ, ಅದನ್ನೆಲ್ಲಾ ಡಾಕ್ಟರನ್ನ ಕೇಳು. ಈಗ ಕಂಬಳಿ ಬಿಗಿ ಹಿಡಿ. ನಿನ್ನ ಎಡಗಡಿಂದ ಗಾಳಿ ಬರಾಕತ್ತೈತಿ."

ಅವನು ಎಡಗಡೆಯ ಸೆರಗನ್ನು ಮೊಣಕಾಲ ಕೆಳಗೆ ಒತ್ತಿ ಹಿಡಿದ.

ಎಳೆಗಳನ್ನು ಒಳಗಿಟ್ಟು ಮುಚ್ಚಳ ಹಾಕಿದೆ. ಮಷೀನು ಗುಂಯ್ ಅಂದಿತು. ಸಣ್ಣ ಪರದೆಯಲ್ಲಿ ಎರಡು ಬೂದು ಗೆರೆಗಳು ಹತ್ತಿರ ಬಂದವು, ನಿಂತವು, ಮತ್ತೆ ಹತ್ತಿರ ಬಂದವು. ಕಿಡಿ ಹಾರಿತು. ಗೆರೆ ಒಂದೇ ಆಯಿತು. ನಾನು ಉಸಿರು ಬಿಡುವುದಕ್ಕೂ ಮಷೀನು ಬ್ಯಾಟರಿ ಮುಗಿದು ಆರಿಹೋಗುವುದಕ್ಕೂ ಸರಿಹೋಯಿತು.

ಸಾಮಾನ್ಯವಾಗಿ ಅದಾದ ಮೇಲೆ ಜೋಡಣೆಯನ್ನು ಹೊರಗೆ ತೆಗೆದು, ಮೇಲೆ ಒಂದು ಕೊಳವೆ ಹಾಕಿ, ಅದನ್ನು ಮಷೀನಿನಲ್ಲೇ ಕಾಯಿಸಿ ಗಟ್ಟಿ ಮಾಡಬೇಕು. ಕಾಯಿಸಲು ಬ್ಯಾಟರಿ ಇರಲಿಲ್ಲ. ಹಾಗೇ ತೆಗೆದರೆ ಗಾಜು ಪಟಕ್ಕನೆ ಮುರಿಯುತ್ತದೆ. ಆದ್ದರಿಂದ ಮುಚ್ಚಳ ತೆಗೆಯದೆ, ಮಷೀನನ್ನು ಅಲ್ಲೇ ನೆಲದ ಮೇಲೆ ಬಿಟ್ಟೆ. ಎರಡೂ ಕಡೆಯಿಂದ ತಂತಿ ಅದರೊಳಗೆ ಹೋಗಿತ್ತು. ಒಂದು ಕುರಿ ಬಂದು ಮೂಸಿದರೂ, ತಂತಿಯನ್ನು ಗಾಳಿ ಜಗ್ಗಿದರೂ ಮತ್ತೆ ಮೊದಲಿನಿಂದ ಶುರು, ಆದರೆ ಶುರು ಮಾಡಲು ಇನ್ನೇನೂ ಉಳಿದಿರಲಿಲ್ಲ.

"ತಮ್ಮಾ, ನೀ ಇಲ್ಲಿಂದ ಏಳಬಾರ್ದು," ಅಂದೆ. "ನಾ ಬಂದು ಹೇಳೂತನಕ ಇದನ್ನ ಕಾಯಬೇಕು. ಮುಟ್ಟಬ್ಯಾಡ, ಅಲುಗಾಡಬ್ಯಾಡ."

ಅವನು ಮಷೀನನ್ನು ನೋಡಿದ, ಟೆಂಟನ್ನು ನೋಡಿದ. ಆಮೇಲೆ ಮಷೀನಿನ ಸುತ್ತ ಕಂಬಳಿ ಹೊದಿಸಿ, ಎರಡೂ ತೊಡೆಗಳ ನಡುವೆ ಇಟ್ಟುಕೊಂಡು ಕೂತ.

ಟೆಂಟಿನೊಳಗೆ ಹಸಿರು ದೀಪ ಹತ್ತಿತ್ತು. ಡಾಕ್ಟರು ಹಸಿರು ಟೋಪಿ ಹಾಕಿಕೊಂಡು ನಿಂತೇ ಇದ್ದರು, ಕೂರುವಷ್ಟು ವೇಳೆ ಅವರಿಗೆ ಇರಲಿಲ್ಲ. "ಆ ನೀಲಿ ಮಗುವನ್ನು ಮೊದಲು ತೋರಿಸಿ," ಅಂದರು. ಕೂಸನ್ನು ಮತ್ತೆ ಮಲಗಿಸಿದರು. ಬೂದಿ ಬಣ್ಣದ ನಡುವೆ ಕೆಂಪು, ನೀಲಿ ಚೂರುಗಳು ಹೊಳೆದು ಮಾಯವಾಗುತ್ತಿದ್ದವು. ಡಾಕ್ಟರು ಮಾತಾಡಲಿಲ್ಲ. ಅವರು ಮಾತಾಡದಿದ್ದಾಗಲೆಲ್ಲ ನಾನು ನಮ್ಮ ಪೆಟ್ಟಿಗೆಯ ದೀಪ ನೋಡುತ್ತಿದ್ದೆ, ಚಿತ್ರ ಮತ್ತೆ ನಿಂತಿತೇನೋ ಅಂತ. ನಿಂತಿರಲಿಲ್ಲ. ಅವರು ಸುಮ್ಮನೆ ನೋಡುತ್ತಿದ್ದರು. ಹಾಗೆ ಸುಮ್ಮನೆ ನೋಡುವುದರಿಂದಲೇ ನನಗೆ ಹೆಚ್ಚು ಭಯವಾಯಿತು.

ಕೊನೆಗೆ ಕೇಳಿದರು. "ಮಗುವಿನ ತಂದೆ ಎಲ್ಲಿ?"

"ಹೊಲದಾಗ ಅದಾರ್ರಿ," ಅಂದಳು ಅವಳು. "ನೀವು ಕಾಣೂ ತಂತಿ ಕಾಯಾಕತ್ತಾರ."

ಡಾಕ್ಟರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಒಂದು ಕ್ಷಣ ಅವಳ ಮುಖವನ್ನೇ ನೋಡಿ, ಆಮೇಲೆ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. ಹೃದಯದ ಒಳಗೋಡೆಯಲ್ಲಿ ತೂತಿದೆ. ಪುಪ್ಪುಸಕ್ಕೆ ರಕ್ತ ಹೋಗುವ ದಾರಿ ಸಣ್ಣದಾಗಿದೆ. ಆಪರೇಷನ್ ಮಾಡಿದರೆ ಸರಿಯಾಗುತ್ತದೆ, ಇಂಥ ಮಕ್ಕಳು ಬದುಕಿ ಬಾಳುತ್ತಾರೆ. ಖರ್ಚಿನ ಯೋಚನೆ ನಿಮಗೆ ಬೇಡ. ಆದರೆ ತಡ ಮಾಡುವ ಹಾಗಿಲ್ಲ, ಹೊಲ ಗದ್ದೆ ಅಂತ ಕರೆದುಕೊಂಡು ತಿರುಗುವ ಹಾಗೆ ಇಲ್ಲವೇ ಇಲ್ಲ. ಇವತ್ತು ಈ ಗಾಡಿಯಲ್ಲೇ ಬನ್ನಿ.

ಅವಳು ಕೂಸಿನ ಎದೆಯ ಅಂಟನ್ನು ಸೆರಗಿನಿಂದ ಒರೆಸಿ, ಎತ್ತಿಕೊಂಡು ಹೊರಗೆ ಹೋದಳು. ಗಂಡನ ಹತ್ತಿರ ಹೋಗುತ್ತಾಳೆ ಅಂದುಕೊಂಡೆ. ಅವಳು ಹೋದದ್ದು ತಮ್ಮ ಬಿಡಾರಕ್ಕೆ. ಎರಡು ಸೀರೆ, ಕೂಸಿನ ಕುಲಾಯಿ, ಒಂದಿಷ್ಟು ರೊಟ್ಟಿ ಗಂಟು ಕಟ್ಟಿ, ನೇರ ಬಂದು ಆಸ್ಪತ್ರೆಯ ಗಾಡಿಯಲ್ಲಿ ಕೂತುಬಿಟ್ಟಳು. ಶಿಬಿರ ಮುಗಿಯದೆ ಗಾಡಿ ಹೊರಡುವುದಿಲ್ಲ ಅಂದರೂ ಇಳಿಯಲಿಲ್ಲ.

ಹಾಗಾಗಿ ಅವನಿಗೆ ಹೇಳಬೇಕಾದವಳು ನಾನೇ ಆದೆ. ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಹೋಗಿ ಅವನೆದುರು ಕೂತು, ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ. ಏನನ್ನೂ ಮುಚ್ಚಲಿಲ್ಲ, ಏನನ್ನೂ ಸೇರಿಸಲಿಲ್ಲ. ಅವನು ತಲೆ ತಗ್ಗಿಸಿ ಕೇಳಿದ. ಎದ್ದು ಹೋಗುತ್ತಾನೆ ಅಂದುಕೊಂಡೆ.

"ಇನ್ನ ಬ್ಯಾರೆ ಮಕ್ಳು ಅದಾವ?" ಅಂತ ಕೇಳಿದ.

"ಅದಾವು."

"ಹಂಗಾದ್ರ ಕುಂದರ್ತೀನಿ."

ಡಾಕ್ಟರು ಇನ್ನೂ ಇಬ್ಬರು ಮಕ್ಕಳನ್ನು ನೋಡಿ, ಆಪರೇಷನ್ನಿಗೆ ಓಡುವವರೆಗೂ ಅವನು ಆ ಬಿಸಿಲಿನಲ್ಲಿ ಅಲುಗಾಡಲಿಲ್ಲ. ನಾನು ಬಂದು ಸಾಕು ಅಂದಾಗ ಎದ್ದ. ಕಾಲು ಜೋಮು ಹಿಡಿದು ಮುಗ್ಗರಿಸಿದ. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ನೆಟ್ಟ ಕೋಲು ಕಿತ್ತುಕೊಂಡು, ಹಿಂಡಿನ ಕಡೆ ಹೊರಟ. ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ.

ಟೆಂಟ್ ಬಿಚ್ಚಿದರು. ಜನರೇಟರ್ ಏರಿಸಿದರು. ಗಾಡಿ ಶುರುವಾಯಿತು. ಅವಳು ಕಿಟಕಿ ಪಕ್ಕ ಕೂತು ಎದುರಿಗೇ ನೋಡುತ್ತಿದ್ದಳು, ಹಿಂಡಿದ್ದ ಕಡೆಗಲ್ಲ. ಕರೆಯಬೇಕು ಅಂತ ನನ್ನ ಬಾಯಿಯ ತುದಿಗೆ ಬಂದಿತ್ತು, ಆದರೆ ಕರೆಯಲಿಕ್ಕೆ ನಾನ್ಯಾರು? ಗಾಡಿ ಬದು ದಾಟಿ ದಾರಿಗೆ ಹತ್ತುವಾಗ ಅವನು ಕುರಿಗಳ ನಡುವಿನಿಂದ ಓಡುತ್ತ ಬಂದ. ಹಿಂಡಿನ ಅಂಚಿಗೆ ನಿಂತಿದ್ದ ತನ್ನ ಅಣ್ಣನ ಕೈಗೆ ಆ ಕೋಲನ್ನು ತುರುಕಿದ. ಬರಿಗೈಯಲ್ಲಿ ಓಡಿ ಬಂದು ಗಾಡಿಯ ಬಾಗಿಲು ಬಡಿದ.

ಮರುದಿನ ಬೆಳಿಗ್ಗೆ ಉಳಿದ ತಂತಿ ಸುತ್ತಿಕೊಂಡು ಬರಲು ಹೋದಾಗ ಬೇವಿನ ಮರಗಳ ಕೆಳಗೆ ಯಾರೂ ಇರಲಿಲ್ಲ. ಹಿಂಡುಗಳು ಹೋಗಿದ್ದವು. ಯಜಮಾನರು ನನ್ನ ಚಪ್ಪಲಿಯನ್ನು ಹುಡುಕಿ, ತೊಳೆದು, ಬದುವಿನ ಮೇಲೆ ಇಟ್ಟಿದ್ದರು.

ಆಮೇಲೆ ಮಳೆಗಾಲ ಬಂತು, ಹೋಯಿತು. ಕುರಿಗಾರರ ಸುದ್ದಿ ಯಾರನ್ನು ಕೇಳಬೇಕು? ಅವರ ನಂಬರು ನನ್ನ ಹತ್ತಿರ ಇರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಲು ಧೈರ್ಯ ಆಗಲಿಲ್ಲ. ಒಳ್ಳೆಯ ಸುದ್ದಿಯಾದರೆ ತಾನಾಗಿ ಬರುತ್ತದೆ ಅಂದುಕೊಂಡೆ. ಬರದೇ ಇದ್ದಾಗ, ಅವನು ಕಂಬಳಿಯೊಳಗೆ ಹೇಳಿದ್ದು ನನಗೂ 'ಹೌದಲ್ಲ' ಅನ್ನಿಸಲು ಶುರುವಾಯಿತು. ಗೊತ್ತಾಗದೆ ಇರುವುದೇ ಮೇಲು ಅಂತ ನಾನೂ ಫೋನ್ ಎತ್ತದೆ ದಿನ ತಳ್ಳಿದೆ.

ಮುಂದಿನ ಭತ್ತದ ಕೊಯ್ಲು ನಡೆದಿದ್ದಾಗ ಒಂದು ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರ ಲಾರಿಯೊಂದು ನಮ್ಮ ತಂತಿ ಹರಿದು ಹಾಕಿತು. ಕ್ರಿಕೆಟ್ ಬೇರೆ ನಡೆದಿತ್ತು. ಮೈದುನ ಕಂಬದ ಮೇಲಿದ್ದ, ನಾನು ಕೆಳಗೆ ರಸ್ತೆಯಲ್ಲಿ ನಿಂತು ಒಂದರ ಮೇಲೊಂದು ಫೋನಿಗೆ ಬೈಸಿಕೊಳ್ಳುತ್ತ, ಬೈಯುತ್ತ ಇದ್ದೆ. ಮತ್ತೊಂದು ಗುರುತಿಲ್ಲದ ನಂಬರು ಬಂತು. ಎತ್ತಿದವಳೇ ಶುರು ಮಾಡಿದೆ.

"ಲೈನ್ ಕಡದೈತ್ರಿ! ಕೂಡ್ಸಾಕತ್ತೀವಿ. ಬೈಯೂದಿದ್ರ ಆಮ್ಯಾಲ ಬೈರಿ."

ಆ ಕಡೆ ಗಾಳಿಯ ಸದ್ದು, ಕುರಿಗಳ ಸದ್ದು.

"ಅಕ್ಕಾರ, ನಾನ್ರಿ. ಕಂಬಳಿ ಹಿಡದಾಂವ. ಸಿದ್ದಾಪುರದ ಗದ್ಯಾಗ ಅದೀನಿ."

ಕೂಸು ಹೇಗಿದೆ ಅಂತ ಕೇಳಬೇಕು. ಕೇಳಲು ಆಗಲಿಲ್ಲ.

"ಆಸ್ಪತ್ರಿ ಅಕ್ಕಾರ ಕಡಿಂದ ನಿಮ್ಮ ನಂಬರ್ ಇಸ್ಕೊಂಡ್ನಿ," ಅಂದ. "ಹಿಡೀರಿ, ಬಿಡಬ್ಯಾಡ್ರಿ ಫೋನು."

ಫೋನನ್ನು ಅವನು ಎಲ್ಲಿಗೋ ಒಯ್ದ ಹಾಗೆ ಸದ್ದಾಯಿತು. ಆಮೇಲೆ ನನ್ನ ಕಿವಿ ಗುಂಯ್ ಅನ್ನುವ ಹಾಗೆ ಒಂದು ಕೂಸು ಅಳುವುದು ಕೇಳಿಸಿತು. ಏನೋ ಬೇಕು ಅಂತ ಹಟ ಹಿಡಿದ ಅಳು. ನಾನು ಉಸಿರು ಬಿಗಿ ಹಿಡಿದು ಎಣಿಸಿದೆ. ಒಂದು ಸಲ, ಎರಡು ಸಲ. ಅದು ನಿಲ್ಲಲಿಲ್ಲ. ಮತ್ತೆ ಎಳೆದು, ಮತ್ತೆ ಎತ್ತರಿಸಿ, ಇಡೀ ಗದ್ದೆಗೆ ಕೇಳುವಂತೆ ಅತ್ತಿತು.

"ಕೇಳಿದ್ರೇನ್ರಿ?" ಅಂತ ಅವನು ಆ ಗದ್ದಲದ ನಡುವೆ ಕೂಗಿದ. "ಮುಂಜಾನಿಂದ ಹಿಂಗ ಅಳಾಕತ್ತಾನ್ರಿ. ರಾತ್ರಿಯೆಲ್ಲಾ ಮಲಗಾಕ ಬಿಡವಲ್ಲ. ಇವನ ತಾಯಿಗೆ ಸಾಕಾಗೇತಿ, ಸುಮ್ಕಾಗ್ಸು ಅಂತಾಳ."

ಕಂಬದ ಮೇಲಿಂದ ಮೈದುನ ಏನೋ ಕೇಳುತ್ತಿದ್ದ. ರಸ್ತೆಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕಣ್ಣೀರು ಗಲ್ಲಕ್ಕೆ ಇಳಿದಿತ್ತು, ಒರೆಸಿಕೊಳ್ಳಲಿಲ್ಲ.

"ಯಾಕ ಸುಮ್ಕಾಗ್ಸತಿ, ತಮ್ಮಾ," ಅಂದೆ. "ಅಳ್ಲಿ ಬಿಡು. ಇನ್ನೊಂದೀಟು ಅಳ್ಲಿ."